ಥೆಲ್ಮಾ ವಾರ್ಲಿ ಹೂಡದ ದಾವೆ

ಬಾರ್ಲಿಕ್ ಊರಿನ ಬೀದಿಯಲ್ಲಿ ನೆಟ್ಟಗೆ ಕಾರು ಓಡಿಸುವವರು ಯಾರಾದರೂ ಕಂಡರೆ, ಅವರು ಒಂದಲ್ಲ ಒಂದು ಕಾಲಕ್ಕೆ ಥೆಲ್ಮಾ ವಾರ್ಲಿಯ ಬಾಯಿಗೆ ಸಿಕ್ಕಿ ಹಣ್ಣಾದವರು ಎಂದೇ ತಿಳಿಯಬೇಕು. ಅಡ್ಡಾದಿಡ್ಡಿ ಓಡಿಸುವವರು ಕಂಡರೆ ಅವರು ಪಕ್ಕದ ಕೋಲ್ನ್ ಊರಿನವರು. ಹೀಗೆ ಹೇಳುತ್ತಿದ್ದವಳು ಬೇರೆ ಯಾರೂ ಅಲ್ಲ, ಥೆಲ್ಮಾಳೇ.

ನಕ್ಷೆಯಲ್ಲಿ ನಮ್ಮ ಬಾರ್ಲಿಕ್ಕಿನ ಪೂರ್ತಿ ಹೆಸರು ಬಾರ್ನೋಲ್ಡ್ಸ್‌ವಿಕ್ ಎಂದು ಉದ್ದಕ್ಕೆ ಮಲಗಿದೆ. ಅಷ್ಟನ್ನೂ ಬಾಯಿ ತುಂಬ ಹೇಳುವವರು ತೆರಿಗೆ ಕಚೇರಿಯವರು ಮಾತ್ರ. ಯಾರ್ಕ್‌ಶೈರ್ ಜಿಲ್ಲೆಯವರು ಈ ಊರು ನಮ್ಮದು ಅನ್ನುತ್ತಾರೆ, ಲ್ಯಾಂಕಾಶೈರಿನವರು ಅಲ್ಲ ನಮ್ಮದು ಅನ್ನುತ್ತಾರೆ, ಊರಿನವರು ಇಬ್ಬರಿಗೂ ಹೂಂಗುಟ್ಟಿ ತಮ್ಮ ಪಾಡಿಗೆ ಟೀ ಕುಡಿಯುತ್ತಾರೆ. ಥೆಲ್ಮಾಳ ಅಪ್ಪ ಅಮ್ಮ ಇಬ್ಬರೂ ಹತ್ತಿ ಗಿರಣಿಯವರು. ಮಗ್ಗಗಳ ಸದ್ದಿನಲ್ಲಿ ಕೂಗಿದರೂ ಕೇಳಿಸದು ಎಂದು ಗಿರಣಿಯ ಹೆಂಗಸರು ಬರೀ ತುಟಿಯಲ್ಲೇ ಊರ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತಿದ್ದರು. ಮಗಳಿಗೂ ಆ ವಿದ್ಯೆ ಬಂತು. ದಾರಿಯಲ್ಲಿ ಎದುರಾದ ಹಳೆಯ ಶಿಷ್ಯ ಕಾರಿನ ಗಾಜಿನೊಳಗಿಂದ ತನ್ನನ್ನು ಏನೆಂದು ಬೈದುಕೊಂಡ ಎಂಬುದು ಅವಳಿಗೆ ಅಕ್ಷರ ಬಿಡದೆ ತಿಳಿಯುತ್ತಿತ್ತು.

ಇಪ್ಪತ್ತರ ಹರೆಯದಲ್ಲೇ ಅವಳು ಡ್ರೈವಿಂಗ್ ಸ್ಕೂಲಿಗೆ ಕಲಿಸುವ ಕೆಲಸಕ್ಕೆ ಸೇರಿದಳು. ಆಗ ಹೆಂಗಸು ಕಾರು ಕಲಿಸುವುದೆಂದರೆ ಊರಿಗೆ ತಮಾಷೆ. ಒಬ್ಬ ತಂದೆ ಬಂದು, “ಹೆಂಗಸು ಹೇಳ್ಕೊಟ್ರೆ ನನ್ನ ಮಗ ಕಾರು ಓಡಿಸಿದ ಹಾಗೇನಾ?” ಎಂದು ಕೇಳಿದ. ಥೆಲ್ಮಾ ತಲೆ ಎತ್ತದೆ, “ನಿನ್ನ ಮಗನಿಗೆ ನಡೆಯೋದು ಹೇಳ್ಕೊಟ್ಟೋಳು ಯಾರು, ನಿನ್ನ ಮಾವನಾ?” ಎಂದಳು. ಮಗ ಮಾರನೆಯ ದಿನದಿಂದಲೇ ಪಾಠಕ್ಕೆ ಬಂದ.

ಅವಳ ಪಾಠದಲ್ಲಿ ಒಂದೇ ಕಟ್ಟುನಿಟ್ಟು. ಗೇರು ಕಿರುಗುಟ್ಟಿದರೆ ಬೈದು ಬಿಡುತ್ತಿದ್ದಳು, ಚಕ್ರ ಕಾಲುದಾರಿಗೆ ಹತ್ತಿದರೆ ತಲೆ ಚಚ್ಚಿಕೊಂಡು ಬಿಡುತ್ತಿದ್ದಳು. ಆದರೆ ಕನ್ನಡಿ ನೋಡದೆ ನೋಡಿದೆ ಎಂದವನನ್ನು ಬಿಡುತ್ತಿರಲಿಲ್ಲ. ಸ್ಟ್ಯಾನ್ಲಿ ಶಟಲ್‌ವರ್ತ್ ಎಂಬ ಕಸಾಯಿ ಅಂಗಡಿಯ ಹುಡುಗ ಹೀಗೆ ಒಮ್ಮೆ ಸಿಕ್ಕಿಬಿದ್ದ.

“ಕನ್ನಡಿ ನೋಡಿದ್ಯಾ?”

“ನೋಡ್ದೆ.”

“ಹಿಂದೆ ಏನಿತ್ತು?”

“ಕೆಂಪು ವ್ಯಾನು.”

“ಅದು ನೀಲಿ ಬಸ್ಸು. ಇಳಿ ಕೆಳಗೆ. ನೋಡ್ಲಿಲ್ಲ ಅಂದಿದ್ರೆ ಕ್ಷಮಿಸ್ತಿದ್ದೆ.”

ಊರಾಚೆಯ ಗುಡ್ಡದ ಮೇಲೆ ಅವನನ್ನು ಇಳಿಸಿ, ಅವಳೇ ಕಾರು ತೆಗೆದುಕೊಂಡು ಹೊರಟುಹೋದಳು. ಸ್ಟ್ಯಾನ್ಲಿ ಮಳೆಯಲ್ಲಿ ನಡೆದು ಮನೆ ಸೇರಿದ. ಅಲ್ಲಿಂದ ಮುಂದೆ ಅವನು ಅವಳ ಜನ್ಮದ ಗೆಳೆಯ.

ಮದುವೆಯಾಗಲಿಲ್ಲ ಥೆಲ್ಮಾ. ಯಾಕೆ ಎಂದು ಕೇಳಿದವರಿಗೆ, “ಕಾರು ಕಲಿಸೋವಾಗಿನ ಹಾಗೆ ಇನ್ನೊಂದು ಬ್ರೇಕು ನನ್ನ ಕಾಲ ಕೆಳಗೂ ಇರೋ ಅಂಥ ಸಂಸಾರ ಯಾರೂ ಕೊಡ್ಲಿಲ್ಲ” ಅನ್ನುತ್ತಿದ್ದಳು.

ಕೆಲಸಕ್ಕೆ ಸೇರಿ ಬಹಳ ಕಾಲವಾದ ಮೇಲೆ ಹಳೆಯ ಶಿಷ್ಯರೆಲ್ಲ ಕೂಡಿ ಅವಳಿಗೊಂದು ಉಡುಗೊರೆ ಕೊಟ್ಟರು. ಅವಳ ಹೆಸರಿನ ಅಕ್ಷರಗಳೇ ಬರುವ ನಂಬರ್ ಪ್ಲೇಟು. ನಮ್ಮ ಕಡೆ ಹೀಗೆ ಕೊಂಡ ನಂಬರು ಕಾರಿನ ಜೊತೆಗೇ ಸಾಯಬೇಕೆಂದಿಲ್ಲ. ಕಾರು ಬದಲಾದರೆ ಸರಕಾರಕ್ಕೆ ತಿಳಿಸಿ, ಪ್ಲೇಟು ಬಿಚ್ಚಿ, ಹೊಸ ಕಾರಿಗೆ ಹಾಕಿಕೊಂಡರಾಯಿತು. ಥೆಲ್ಮಾ ಅದನ್ನು ಮೊದಲು ಸ್ಕೂಲಿನವರು ಕೊಟ್ಟಿದ್ದ ಡೀಸೆಲ್ ಕಾರಿಗೆ ಹಾಕಿದಳು. ನಿವೃತ್ತಿಯಾದ ದಿನ ಕಾರನ್ನು ಸ್ಕೂಲಿಗೆ ಒಪ್ಪಿಸಿ, ಪ್ಲೇಟನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಮನೆಗೆ ಬಂದಳು. ಈಗ ಅದು ಅವಳ ಪುಟ್ಟ ಬ್ಯಾಟರಿ ಕಾರಿನ ಮೂಗಿನ ಮೇಲಿದೆ.

ಇಷ್ಟು ತಿಳಿದಿದ್ದರೆ ಸಾಕು, ಮುಂದೆ ನಡೆದದ್ದು ಎಂಥ ದಿಗಿಲಿನದು ಎಂಬುದು ತಾನಾಗಿ ತಿಳಿಯುತ್ತದೆ.

ಬುಧವಾರದ ಮಧ್ಯಾಹ್ನಗಳನ್ನು ಥೆಲ್ಮಾ ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲಿಂಗ್ ಕ್ಲಬ್ಬಿನಲ್ಲಿ ಕಳೆಯುತ್ತಿದ್ದಳು. ಆಮೆಯ ಬೆನ್ನಿನ ಹಾಗೆ ನಡುವೆ ಉಬ್ಬಿದ ಹುಲ್ಲಿನ ಅಂಗಳ, ಅದರಂಚಿಗೆ ಒಂದು ಮರದ ಕೋಣೆ. ಅಂದು ಜಿಟಿಜಿಟಿ ಹಿಡಿದು ಆಟ ನಿಂತಿತ್ತು. ಎಲ್ಲರೂ ಒಳಗೆ ಕೂತು ಮಾಂಸದ ಪೈ, ಬೇಯಿಸಿ ಕಿವುಚಿದ ಬಟಾಣಿ ತಿನ್ನುತ್ತಿದ್ದರು. ಸ್ಟ್ಯಾನ್ಲಿ ಈಗ ಕ್ಲಬ್ಬಿನ ಕಾರ್ಯದರ್ಶಿ. ಅಂಗಡಿ ಮುಚ್ಚಿ ವರ್ಷಗಳಾಗಿದ್ದವು, ಹೆಂಡತಿ ಮ್ಯೂರಿಯಲ್ ತೀರಿಕೊಂಡೂ ವರ್ಷಗಳಾಗಿದ್ದವು. ಅವನು ಫೋನು ಹಿಡಿದುಕೊಂಡು ಥೆಲ್ಮಾಳ ಪಕ್ಕಕ್ಕೆ ಸರಿದ.

“ಇಲ್ಲಿ ನೋಡು ಮಾರಾಯ್ತಿ. ನಮಗೆಲ್ಲ ದುಡ್ಡು ಬರೋದಿದೆಯಂತೆ.”

“ಯಾರು ಸತ್ರು?”

“ಯಾರೂ ಸತ್ತಿಲ್ಲ. ಡೀಸೆಲ್ ಕಾರು ಇಟ್ಕೊಂಡಿದ್ದೋರಿಗೆ ಪರಿಹಾರ. ಹೊಗೆ ಕಮ್ಮಿ ಅಂತ ಸುಳ್ಳು ಹೇಳಿ ಮಾರಿದ್ರಂತೆ. ಎಲ್ರೂ ಸೇರಿ ಒಟ್ಟಿಗೆ ದಾವೆ. ವಕೀಲರ ಕಂಪನಿಯೋರೇ ಹಾಕಿದ್ದಾರೆ ನೋಡು ಜಾಹೀರಾತು.”

“ವಕೀಲ್ರಿಗೆ ನಿನ್ನ ಮೇಲೆ ಯಾವಾಗಿಂದ ಈ ಅಕ್ಕರೆ?”

“ನಮ್ಮ ಕೈಯಿಂದ ಏನೂ ಹೋಗಲ್ಲ ಕಣೇ. ಗೆದ್ರೆ ಅವರಿಗೊಂದು ಪಾಲು. ಸೋತ್ರೆ ಏನೂ ಕೊಡೋದು ಬೇಡ.”

ಥೆಲ್ಮಾ ಚಮಚ ಕೆಳಗಿಟ್ಟಳು. “ಸ್ಟ್ಯಾನ್ಲಿ, ನೀನು ಮಾಂಸ ಮಾರಿದೋನು. ಯಾರೋ ಗೊತ್ತುಗುರಿ ಇಲ್ದೋನು ನಿನ್ನ ಬಾಗಿಲಿಗೆ ಬಂದು, ತಗೊಳ್ಳಿ ಪುಕ್ಕಟೆ ಮಾಂಸ, ರುಚಿಯಾಗಿದ್ರೆ ಮಾತ್ರ ಅರ್ಧ ನನಗೆ ಕೊಡಿ ಅಂದ್ರೆ, ನೀನೇನು ಕೇಳ್ತಿದ್ದೆ?”

ಸ್ಟ್ಯಾನ್ಲಿ ಯೋಚಿಸಿದ. “ಯಾವ ಪ್ರಾಣೀದು ಅಂತ ಕೇಳ್ತಿದ್ದೆ.”

ಕೋಣೆಯೆಲ್ಲ ನಕ್ಕಿತು. ಥೆಲ್ಮಾ ನಗಲಿಲ್ಲ. “ನಾನೂ ಅದನ್ನೇ ಕೇಳ್ತಿರೋದು. ಕಾರಿನೋರು ಮೋಸ ಮಾಡಿರಬಹುದು. ದೊಡ್ಡೋರು ಮಾಡ್ದೆ ಇನ್ಯಾರು ಮಾಡ್ತಾರೆ. ಮಾಡಿದ್ರೆ ಕೋರ್ಟು ಕಿವಿ ಹಿಂಡ್ಲಿ. ಆದ್ರೆ ನನಗೆ ಮೋಸ ಆಗಿದೆ ಅನ್ನೋದು ನನಗಿಂತ ಮುಂಚೆ ಇವರಿಗೆ ಹೆಂಗೆ ಗೊತ್ತಾಯ್ತು? ನನ್ನ ಮುಖ ನೋಡಿದಾರಾ? ನನ್ನ ಕಾರು ನೋಡಿದಾರಾ?”

“ನೋಡೋದೇನು ಬೇಡ. ನಂಬರು ಹೊಡೆದ್ರೆ ಅದೇ ಹೇಳುತ್ತೆ.”

“ಹಾಗೋ? ತಾ ಇಲ್ಲಿ.”

ಇಲ್ಲೇ ನೋಡಿ ಅವಳು ಕನ್ನಡಿ ನೋಡದೆ ತಿರುಗಿದ್ದು. ಜಾಹೀರಾತಿನ ಬಂಡವಾಳವನ್ನು ಎಲ್ಲರೆದುರು ಬಯಲು ಮಾಡುತ್ತೇನೆ ಎಂಬ ಹುಮ್ಮಸ್ಸು. ತನ್ನ ಕಾರಿನ ನಂಬರು ಹೇಳಿದಳು, ಹೆಸರು ಹೇಳಿದಳು, ಹುಟ್ಟಿದ ದಿನ, ಫೋನ್ ನಂಬರು, ಮನೆ ವಿಳಾಸ, ಎಂದೂ ತೆರೆದು ನೋಡದ ಮೇಲ್ ವಿಳಾಸ ಹೇಳಿದಳು. ಸ್ಟ್ಯಾನ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಪರದೆಯ ಮೇಲೆ ಒಂದು ಚಕ್ರ ಸುತ್ತಿತು. ಆಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು.

“ಶುಭ ಸುದ್ದಿ, ಥೆಲ್ಮಾ! ನಿಮ್ಮ ಡೀಸೆಲ್ ಕಾರಿಗೆ ಪರಿಹಾರ ಸಿಗುವ ಸಾಧ್ಯತೆ ಬಹಳ ಹೆಚ್ಚು” ಎಂದು ಸ್ಟ್ಯಾನ್ಲಿ ಗಟ್ಟಿಯಾಗಿ ಓದಿದ.

ಕಿಟಕಿಯಾಚೆ ಆ ‘ಡೀಸೆಲ್ ಕಾರು’ ಗೋಡೆಯ ಪ್ಲಗ್ಗಿಗೆ ವೈರು ಕಚ್ಚಿಕೊಂಡು ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಜನ ಬಿದ್ದು ಬಿದ್ದು ನಕ್ಕರು. ಒಬ್ಬರ ಬಾಯಿಯ ಬಟಾಣಿ ಮೇಜಿಗೆ ಹಾರಿತು.

“ಎಷ್ಟು ಕೊಡ್ತಾರಂತೆ ನನ್ನ ಬ್ಯಾಟರಿಯ ಹೊಗೆಗೆ?”

“ಅದು ತಿಳೀಬೇಕಾದ್ರೆ ಈ ಪೆಟ್ಟಿಗೆಯೊಳಗೆ ಬೆರಳಲ್ಲಿ ಸಹಿ ಮಾಡ್ಬೇಕಂತೆ.”

ಥೆಲ್ಮಾ ಬೆರಳಿನಿಂದ ಸರ್ ಎಂದು ಒಂದು ಗೀಟು ಎಳೆದಳು. ಹೆಸರೂ ಅಲ್ಲ ಏನೂ ಅಲ್ಲ, ಕಲಿಯುವವನು ಇಕ್ಕಟ್ಟಿನ ಬೀದಿಯಲ್ಲಿ ಕಾರು ತಿರುಗಿಸಿದ ಹಾಗೆ ಅತ್ತ ಇತ್ತ ಹೋದ ಗೀಟು. ಬೆರಳಿಗೆ ಅಂಟಿದ್ದ ಪೈ ಸಾರು ಫೋನಿಗೆ ಮೆತ್ತಿತು. ಸ್ಟ್ಯಾನ್ಲಿ ಅದನ್ನು ತೋಳಿಗೆ ಒರೆಸಿಕೊಂಡು ಮೊತ್ತ ಓದಿದ. ಸಾವಿರಾರು ಪೌಂಡು! ಮತ್ತೆ ನಗು. “ಕಂಡ್ರಲ್ಲ ಇವರ ಹಣೇಬರಹ” ಎಂದು ಥೆಲ್ಮಾ ಗೆದ್ದವಳ ಹಾಗೆ ಟೀಗೆ ಹಾಲು ಹಾಕಿಕೊಂಡಳು.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಫೋನು ಬಂತು. ಅಡುಗೆಮನೆಯಲ್ಲಿ ಕೆಟಲು ಕುದಿಯುತ್ತಿತ್ತು. ಆಚೆ ಒಂದು ಎಳೆಯ ದನಿ, ಸಕ್ಕರೆಯಲ್ಲಿ ಅದ್ದಿದ ಹಾಗೆ.

“ಮಿಸ್ ವಾರ್ಲಿ, ನಿಮ್ಮ ದಾವೆ ಕೋರ್ಟಿಗೆ ಹೋಗಿದೆ ಅಂತ ತಿಳಿಸೋಕೆ ಫೋನ್ ಮಾಡ್ದೆ. ನಿಮ್ಮ ಹೇಳಿಕೆಯನ್ನೂ ಸಲ್ಲಿಸಿದ್ದೀವಿ.”

“ಯಾರ ದಾವೆ?”

“ನಿಮ್ದೇ, ಮೇಡಂ. ಡೀಸೆಲ್ ಕಾರಿನ ದಾವೆ.”

“ನನ್ನ ಹತ್ರ ಡೀಸೆಲ್ ಕಾರೇ ಇಲ್ಲ ಮಗೂ. ನಾನು ಯಾವ ಹೇಳಿಕೇನೂ ಕೊಟ್ಟಿಲ್ಲ.”

“ಕೊಟ್ಟಿದ್ದೀರಿ ಮೇಡಂ. ಸಹಿ ಇದೆ. ಹೇಳಿದ್ದೆಲ್ಲ ಸತ್ಯ, ಸುಳ್ಳಾದ್ರೆ ಕೋರ್ಟಿನ ಶಿಕ್ಷೆಗೆ ಗುರಿ ಅಂತ ಬರೆದಿದೆಯಲ್ಲ, ಅದರ ಕೆಳಗೇ ಇದೆ.”

ಕೆಟಲು ಕಿರುಚಿ ತಾನಾಗಿ ಸುಮ್ಮನಾಯಿತು. ಥೆಲ್ಮಾ, “ನನಗೆ ಇದು ಬೇಡ, ನನ್ನ ಹೆಸರು ತೆಗೀರಿ” ಎಂದಳು. ಹಿಂದೆಗೆದುಕೊಳ್ಳುವ ಗಡುವು ಮುಗಿದಿದೆ, ಈಗ ಬಿಡುವುದಾದರೆ ಈವರೆಗೆ ಮಾಡಿದ ಕೆಲಸದ ಖರ್ಚು ನೀವೇ ಕೊಡಬೇಕಾಗಬಹುದು ಎಂದು ಆ ಸಕ್ಕರೆಯ ದನಿ ಅಷ್ಟೇ ಸಿಹಿಯಾಗಿ ಹೇಳಿತು. “ನಾನೇನು ಹೇಳಿದ್ದೀನಿ ಅಂತ ಓದು ನೋಡೋಣ” ಎಂದರೆ, ಅದು ತನ್ನ ಮುಂದೆ ಇಲ್ಲ, ವಕೀಲರ ಬಳಿ ಇದೆ ಎಂದಿತು.

ಖರ್ಚಿನ ಮಾತು ಥೆಲ್ಮಾಳ ಕಿವಿಗೆ ಬಿದ್ದು ಹಾಗೇ ಉದುರಿಹೋಯಿತು. ಒಳಗೆ ನಾಟಿ ನಿಂತದ್ದು ಇನ್ನೊಂದು. ಎಲ್ಲೋ ಒಂದು ನ್ಯಾಯಾಲಯದಲ್ಲಿ ಅವಳ ಹೆಸರಿನಲ್ಲಿ, ಅವಳ ಬಾಯಿಂದ ಬಾರದ ಮಾತು, ಸತ್ಯವೆಂದು ಪ್ರಮಾಣ ಮಾಡಿಕೊಂಡು ಕೂತಿದೆ. ಅದೇನು ಮಾತು ಎಂಬುದೇ ಅವಳಿಗೆ ಗೊತ್ತಿಲ್ಲ. ಕುರ್ಚಿ ಎಳೆದು ಕೂತಳು. ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು, ಅಲ್ಲಿ ಬ್ರೇಕಿಲ್ಲ ಎಂಬುದನ್ನು ಮರೆತು.

ಕೋಟು ಹಾಕಿಕೊಂಡು ನೇರ ಸ್ಟ್ಯಾನ್ಲಿಯ ಮನೆಗೆ ಹೋದಳು. ಎಲ್ಲವನ್ನೂ ಕೇಳಿ ಅವನು ಕಿಟಕಿಯ ಕಡೆ ನೋಡುತ್ತ ನಿಂತ.

“ಯಾಕೋ ಬಾಯಿ ಮುಚ್ಕೊಂಡೆ?”

“ನಾನೂ ಹಾಕಿದೀನಿ.”

“ಏನು?”

“ಸಹಿ. ಆವತ್ತೇ ಮನೆಗೆ ಬಂದು ಹಾಕ್ದೆ. ನೀನೇ ಹಾಕಿದ್ಯಲ್ಲ ಅಂತ...”

“ನಾನು ತಮಾಷೆಗೆ ಹಾಕಿದ್ದು ಕಣೋ ದಡ್ಡ!”

“ನನಗೂ ಗೊತ್ತು. ಆದ್ರೂ ಥೆಲ್ಮಾ ಬೆರಳಿಟ್ಟ ಕಡೆ ಅಪಾಯ ಇರಲ್ಲ ಅಂತ ಅನ್ನಿಸ್ತು. ನಂದೇನು ಸುಳ್ಳಲ್ಲ ಬಿಡು. ನನ್ನ ಕಾರು ಡೀಸೆಲ್ಲೇ, ನನ್ನ ದುಡ್ಡಲ್ಲೇ ತಗೊಂಡಿದ್ದು.”

ಥೆಲ್ಮಾಳಿಗೆ ಇದು ಎರಡನೆಯ ಹೊಡೆತ. ತಾನೊಬ್ಬಳೇ ಹಳ್ಳಕ್ಕೆ ಇಳಿದಿದ್ದರೆ ಏನೋ ಒಂದು. ಹಿಂದೆ ಇನ್ನೊಂದು ಗಾಡಿ ತನ್ನನ್ನೇ ನಂಬಿ ಬಂದಿದೆ. “ನಾಳೆ ಮ್ಯಾಂಚೆಸ್ಟರಿಗೆ ಹೋಗ್ತೀನಿ” ಎಂದಳು. “ಅಲ್ಲಿ ಏನು ಬರೆದಿದ್ದಾರೋ ಕಣ್ಣಲ್ಲಿ ನೋಡದೆ ನನಗೆ ಅನ್ನ ಇಳಿಯಲ್ಲ.”

ವಕೀಲರ ಕಂಪನಿ ಮ್ಯಾಂಚೆಸ್ಟರಿನ ಒಂದು ಗಾಜಿನ ಕಟ್ಟಡದಲ್ಲಿತ್ತು. ಕೆಳಗಿನ ಅಂಗಳದಲ್ಲಿ ಒಂದು ಮೇಜು, ಹಿಂದೆ ಒಬ್ಬ ಹುಡುಗಿ. ಥೆಲ್ಮಾ ತನ್ನ ಹೆಸರು ಹೇಳಿ, ನಾನು ನಿಮ್ಮ ಕಕ್ಷಿದಾರಳು, ನನ್ನ ವಕೀಲರನ್ನು ನೋಡಬೇಕು ಎಂದಳು. ಹುಡುಗಿಯ ಮುಖದಲ್ಲಿ ಬೆಕ್ಕು ಮಾತಾಡಿದ್ದನ್ನು ಕಂಡವಳ ಬೆರಗು.

“ಕಕ್ಷಿದಾರರಾ? ಕ್ಷಮಿಸಿ ಮೇಡಂ, ಕಕ್ಷಿದಾರರು ಇಲ್ಲಿಗೆ ಬರಲ್ಲ.”

“ಬರಬಾರ್ದು ಅಂತಿದೆಯಾ?”

“ಹಾಗೇನಿಲ್ಲ. ಯಾರೂ ಬರಲ್ಲ, ಅಷ್ಟೇ. ನಾನು ಸೇರಿದ ಮೇಲೆ ಯಾರೂ ಬಂದಿಲ್ಲ.”

“ಹಾಗಿದ್ರೆ ನನ್ನನ್ನ ನೋಡ್ಕೋ. ನಾವು ಇರೋದು ಹೀಗೆ.”

ಹುಡುಗಿ ಎಲ್ಲೆಲ್ಲಿಗೋ ಫೋನು ಮಾಡಿದಳು. ಬಹಳ ಹೊತ್ತಿನ ಮೇಲೆ ಲಿಫ್ಟಿನಿಂದ ಒಬ್ಬ ತರುಣ ಇಳಿದು ಬಂದ. ಹೆಸರು ರೋವನ್ ಹಾರ್ಗ್ರೀವ್ ಎಂದ. ಕೋಟು ಚೆನ್ನಾಗಿತ್ತು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಸಭ್ಯ ಹುಡುಗ. ಚಿಕ್ಕ ಕೋಣೆಗೆ ಕರೆದುಕೊಂಡು ಹೋಗಿ, ನೀರು ಕೊಟ್ಟು, ಕಂಪ್ಯೂಟರು ತೆರೆದು ಅವಳ ಹೆಸರು ಹುಡುಕಿದ. ಹುಡುಕುತ್ತಲೇ ಇದ್ದ.

“ಅಷ್ಟು ಜನ ಇದೀವಾ ನಾವು?”

“ಲಕ್ಷಕ್ಕಿಂತ ಮೇಲೆ, ಮಿಸ್ ವಾರ್ಲಿ. ಆಂ, ಸಿಕ್ತು.”

“ಓದು ಕಂದಾ. ಗಟ್ಟಿಯಾಗಿ ಓದು. ನಾನೇನು ಹೇಳಿದ್ದೀನೋ ನಾನೂ ಕೇಳ್ತೀನಿ.”

ಅವನು ಓದಿದ. “ಥೆಲ್ಮಾ ವಾರ್ಲಿ ಎಂಬ ನಾನು ಹೇಳುವುದೇನೆಂದರೆ, ಈ ಡೀಸೆಲ್ ಕಾರನ್ನು ನಾನು ಸ್ವಂತ ಹಣದಿಂದ ಕೊಂಡೆ.”

“ಕೊಳ್ಳಲಿಲ್ಲ. ಅದು ಸ್ಕೂಲಿನ ಕಾರು. ನಂಬರು ಮಾತ್ರ ನಂದು, ಅದನ್ನ ಬಿಚ್ಚಿಕೊಂಡು ಬಂದೆ.”

“ನಮ್ಮ ಪಟ್ಟಿಯಲ್ಲಿ ಈ ನಂಬರಿಗೆ ಆ ಕಾರೇ ಇದೆ... ಹಳೆಯ ಪಟ್ಟಿ ಇರಬಹುದು.” ಅವನು ಗಂಟಲು ಸರಿಮಾಡಿಕೊಂಡ. “ಹೊಗೆ ಕಡಿಮೆ ಎಂಬ ಜಾಹೀರಾತನ್ನು ನಂಬಿ ಈ ಕಾರನ್ನೇ ಆರಿಸಿದೆ. ಸತ್ಯ ತಿಳಿದ ಮೇಲೆ ತೀವ್ರ ಮನೋವೇದನೆ ಅನುಭವಿಸಿದೆ.”

“ನನಗಿಲ್ಲಿವರೆಗೆ ಇರ್ಲಿಲ್ಲ. ಈಗ ಶುರುವಾಗಿದೆ. ಮುಂದೆ ಓದು.”

“ನನ್ನ ಬಾಳಸಂಗಾತಿ ಮತ್ತು ನಾನು ಇಬ್ಬರೂ ಕೂತು ಚರ್ಚಿಸಿ, ಒಟ್ಟಿಗೆ ಈ ಕಾರನ್ನು...”

“ನಿಲ್ಲು, ನಿಲ್ಲು.” ಥೆಲ್ಮಾ ಮುಂದಕ್ಕೆ ಬಗ್ಗಿದಳು. “ಯಾರು ಮತ್ತು ನಾನು?”

“ಬಾಳಸಂಗಾತಿ.”

“ಎಲ್ಲಿದಾನೆ?”

ಹುಡುಗ ಪರದೆಯನ್ನು ಮೇಲೆ ಕೆಳಗೆ ಸರಿಸಿ ಹುಡುಕಿದ.

“ಎಪ್ಪತ್ತು ದಾಟಿತು ಕಂದಾ ನನಗೆ. ನಮ್ಮಮ್ಮ ಹುಡುಕಿ ಸೋತಳು, ಪಾದ್ರಿ ಹೆಂಡತಿ ಹುಡುಕಿ ಸೋತಳು. ನೀವು ಚಕ್ರ ಒಂದ್ಸಲ ಸುತ್ತೋದ್ರೊಳಗೆ ಹುಡುಕಿಬಿಟ್ರಾ? ಮದುವೆ ಮಾಡಿಸಿ, ಕೂರಿಸಿ, ಚರ್ಚೇನೂ ಮಾಡಿಸಿಬಿಟ್ರಾ?” ನಗಲೆಂದೇ ಹೇಳಿದ ಮಾತು, ಆದರೆ ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಒಂಟಿಯಾಗಿ ಬದುಕಿದ್ದನ್ನು ಅವಳು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ, ಅದಕ್ಕಾಗಿ ನಾಚಿದವಳೂ ಅಲ್ಲ. ಆ ಬದುಕನ್ನು ಯಾರೋ ಕೇಳದೆ ಅಳಿಸಿ, ಇನ್ಯಾರದೋ ಬದುಕನ್ನು ಅಲ್ಲಿ ಅಂಟಿಸಿದ್ದರು. ಅದರ ಕೆಳಗೆ ಆ ಗೀಟು. ಪೈ ಸಾರಿನ ಬೆರಳಿನಲ್ಲಿ ಎಳೆದ ಅದೇ ಗೀಟು, ಈಗ ಪ್ರಮಾಣದ ಸಹಿಯಾಗಿ ನಿಂತಿತ್ತು.

“ಇದು ಎಲ್ಲರಿಗೂ ಒಂದೇ ಥರ ಇರುತ್ತೆ ಮೇಡಂ” ಎಂದ ರೋವನ್ ಮೆಲ್ಲಗೆ. “ಒಂದು ಮಾದರಿ ಅಂತ ಮಾಡಿ ಹೆಸರು ಬದಲಾಯಿಸ್ತೀವಿ. ಮೊದಲು ನಿಮಗೆ ಮೇಲ್ ಕಳಿಸಿ, ತಪ್ಪಿದ್ರೆ ತಿಳಿಸಿ ಅಂತ ಕೇಳಿರ್ತೀವಿ. ಯಾರೂ ತಿಳಿಸಲ್ಲ.”

“ನಾನು ಮೇಲು ನೋಡೋಳಲ್ಲ.”

“ಅದಕ್ಕೇ...”

“ಜಡ್ಜು ಓದಲ್ವಾ?”

“ಎಲ್ಲಾದನ್ನೂ ಓದಲ್ಲ. ಮಾದರಿಗೆ ಅಂತ ಕೆಲವನ್ನ ತೆಗೆದು ನೋಡ್ತಾರೆ.”

“ಆ ಕೆಲವರಲ್ಲಿ ನಾನು ಸಿಕ್ಕಿದ್ರೆ? ಕಟಕಟೇಲಿ ನಿಲ್ಲಿಸಿ, ನಿಮ್ಮ ಗಂಡ ಎಲ್ಲಮ್ಮ ಅಂತ ಕೇಳಿದ್ರೆ?”

ರೋವನ್ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿದ. “ಕಾರಿನೋರು ನಿಜವಾಗ್ಲೂ ಮೋಸ ಮಾಡಿದ್ರೆ ಒಬ್ಬೊಬ್ಬರೇ ಹೋಗಿ ಅವರನ್ನ ಹಿಡಿಯೋಕಾಗಲ್ಲ ಮಿಸ್ ವಾರ್ಲಿ. ಗುಂಪಾಗಿಯೇ ಹೋಗಬೇಕು. ನಾನು ಅದನ್ನ ನಂಬಿಯೇ ಇಲ್ಲಿಗೆ ಸೇರಿದ್ದು” ಎಂದ. ಸುಳ್ಳು ಹೇಳುವ ಮುಖವಲ್ಲ ಅದು. ಆ ಮುಖ ನೋಡಿದಷ್ಟೂ ಥೆಲ್ಮಾಳಿಗೆ ಗಾಬರಿ ಹೆಚ್ಚಾಯಿತು. ಇವನು ಕಳ್ಳನಾಗಿದ್ದರೆ ಎಷ್ಟೋ ಸುಲಭವಿತ್ತು.

“ಇರಬಹುದು ಕಂದಾ. ನೀನು ಹೇಳೋದು ಸರೀನೇ ಇರಬಹುದು. ಅವರು ಹೊಗೆ ಬಗ್ಗೆ ಸುಳ್ಳು ಹೇಳಿದ್ರು ಅಂತ ನೀವು ನನ್ನ ಬಗ್ಗೆ ಸುಳ್ಳು ಹೇಳ್ತೀರಾ? ಅದೂ ನನ್ನ ಬಾಯಲ್ಲೇ?”

ಖರ್ಚು ಕೊಡಲು ಅವಳು ಸಿದ್ಧಳಾಗಿಯೇ ಬಂದಿದ್ದಳು. ಅದರ ಅಗತ್ಯವೇ ಬೀಳಲಿಲ್ಲ. ಹೆಸರು ತೆಗೆಯದಿದ್ದರೆ ನಾನೇ ಜಡ್ಜಿಗೆ ಬರೆಯುತ್ತೇನೆ ಎಂದದ್ದೇ ತಡ, ರೋವನ್ ಮೇಲೆ ಹೋಗಿ ಯಾರ ಬಳಿಯೋ ಮಾತಾಡಿ ಬಂದ. ಹೇಳಿಕೆ ಹಿಂದಕ್ಕೆ ಪಡೆಯಲಾಗಿದೆ, ಕೋರ್ಟಿಗೂ ತಿಳಿಸಲಾಗುವುದು, ಖರ್ಚೇನೂ ಇಲ್ಲ ಎಂದು ಬರೆದು ಕೈಗೆ ಕೊಟ್ಟ. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಎಲ್ಲ ಮುಗಿಯಿತು. ಫೋನಿನಲ್ಲಿ ಬೆಟ್ಟದಷ್ಟಿದ್ದದ್ದು ಬಾಗಿಲಿಗೆ ಬಂದರೆ ಇಷ್ಟೇನಾ ಎಂದು ಅವಳು ಬೆಪ್ಪಾದಳು. ಬಾಗಿಲವರೆಗೆ ಬಂದವರು ಇಲ್ಲ, ಅದಕ್ಕೇ ಬೆಟ್ಟ ನಿಂತಿದೆ.

ಕಾರಿಗೆ ಬಂದು ಕೂತು ಆ ಕಾಗದವನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡಳು. ತನ್ನ ಹೆಸರೇನೋ ಬಂತು. ಸ್ಟ್ಯಾನ್ಲಿ ಇನ್ನೂ ಒಳಗೇ ಇದ್ದ.

ಅವಳು ಊರಿಗೆ ಮರಳಿದಾಗ ಅವನು ಕ್ಲಬ್ಬಿನ ಅಂಗಳದಲ್ಲಿ ಒಬ್ಬನೇ ಹುಲ್ಲಿನ ಅಂಚು ಕತ್ತರಿಸುತ್ತಿದ್ದ. ಥೆಲ್ಮಾ ಹೇಳಿದ್ದನ್ನೆಲ್ಲ ಕೇಳಿ, ಗಂಡ ಸಿಕ್ಕ ಭಾಗಕ್ಕೆ ಬಂದಾಗ ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

“ಹೆಂಗಿದ್ದನಂತೆ? ತಲೇಲಿ ಕೂದಲಿತ್ತಂತಾ?”

“ನಗು, ನಗು. ನೀನೂ ಹೊರಗೆ ಬಾ ಸ್ಟ್ಯಾನ್ಲಿ. ಒಂದು ಫೋನು ಮಾಡಿದ್ರೆ ಆಯ್ತು. ಬಿಡಲ್ಲ ಅಂದ್ರೆ ನಾನು ಬರ್ತೀನಿ ಜೊತೆಗೆ.”

ನಗು ನಿಂತಿತು. “ನಾನ್ಯಾಕೆ ಬರ್ಲಿ? ನಿಂದು ಸುಳ್ಳಿತ್ತು, ಬಿಡಿಸ್ಕೊಂಡೆ, ಒಳ್ಳೇದಾಯ್ತು. ನಂದು ನಿಜ. ಕಾರು ನಂದು, ದುಡ್ಡು ನಂದು. ನನಗೆ ಮೋಸ ಆಗಿದೆ. ಬರೋದು ಬರ್ಲಿ ಬಿಡು, ಕ್ಲಬ್ಬಿನ ಸೋರೋ ಸೂರಿಗಾದ್ರೂ ಆಗುತ್ತೆ.”

“ಓದಿದ್ದೀಯಾ ನೀನೇನು ಹೇಳಿದ್ದೀಯ ಅಂತ?”

“ಅದನ್ನ ಯಾರು ಓದ್ತಾರೆ?”

“ಒಂದ್ಸಲ ಓದು. ಓದಿ ಸರಿ ಅನ್ನಿಸಿದ್ರೆ ನಾನು ಇನ್ನೊಂದು ಮಾತು ಆಡಲ್ಲ. ಆಣೆ.”

ಸ್ಟ್ಯಾನ್ಲಿ ಗೊಣಗುತ್ತ ಬೆಂಚಿನ ಮೇಲೆ ಕೂತ. ಕೈಯ ಹಸಿರು ಪ್ಯಾಂಟಿಗೆ ಒರೆಸಿಕೊಂಡು, ಫೋನಿನಲ್ಲಿ ಹುಡುಕಿ, ಕನ್ನಡಕ ಮೂಗಿಗೆ ಏರಿಸಿ, ನಾಟಕದವರ ಹಾಗೆ ರಾಗ ಎಳೆದು ಓದತೊಡಗಿದ. “ಸ್ಟ್ಯಾನ್ಲಿ ಶಟಲ್‌ವರ್ತ್ ಎಂಬ ನಾನು ಹೇಳುವುದೇನೆಂದರೆ! ಸ್ವಂತ ಹಣ, ಹೂಂ, ನಿಜ. ಜಾಹೀರಾತು ನಂಬಿ, ಹೂಂ, ಏನೋ ನೋಡಿರ್ತೀನಿ. ನನ್ನ ಬಾಳಸಂಗಾತಿ ಮತ್ತು ನಾನು ಇಬ್ಬರೂ ಕೂತು...”

ಅವನ ತುಟಿ ಮುಂದಿನ ಪದಗಳ ಮೇಲೆ ಆಡಿತು, ದನಿ ಬರಲಿಲ್ಲ. ಥೆಲ್ಮಾ ಆ ತುಟಿಯನ್ನು ಓದಿದಳು, ಬೇರೆ ಕಡೆ ತಿರುಗಿದಳು.

ಅಂಗಳದಾಚೆ ಯಾರೋ ನಾಯಿಯನ್ನು ಕರೆಯುತ್ತಿದ್ದರು.

“ಅವಳನ್ನ ಮಣ್ಣು ಮಾಡಿದ ಮೇಲೆ ಬಂದ ವಸಂತದಲ್ಲಿ ತಗೊಂಡಿದ್ದು ಈ ಕಾರು” ಎಂದ ಸ್ಟ್ಯಾನ್ಲಿ. “ನನ್ನ ಜೀವಮಾನದಲ್ಲಿ ನಾನೊಬ್ಬನೇ ಹೋಗಿ ತಗೊಂಡ ಮೊದಲನೇ ಸಾಮಾನು ಅದು ಥೆಲ್ಮಾ. ಅಂಗಿ ಗುಂಡೀನೂ ಅವಳೇ ಆರಿಸ್ತಿದ್ಳು. ಶೋರೂಮಿನ ಹುಡುಗ ಯಾವ ಬಣ್ಣ ಸಾರ್ ಅಂದ. ನಾನು ಪಕ್ಕಕ್ಕೆ ತಿರುಗಿ, ಏನೇ, ಯಾವ್ದು ಅಂತ ಕೇಳಿಬಿಟ್ಟೆ. ಜೋರಾಗೇ ಕೇಳಿಬಿಟ್ಟೆ. ಅಲ್ಲಿ ಯಾರಿದ್ರು? ಒಂದು ಗಿಡದ ಕುಂಡ ಇತ್ತು. ಆ ಹುಡುಗ ಪಾಪ, ಕೇಳಿಸದೋನ ಹಾಗೆ ನೆಲ ನೋಡ್ತಾ ನಿಂತ. ನನಗೆ ಬಣ್ಣ ಹೇಳೋಕಾಗದೆ ನೀನೇ ಯಾವ್ದಾದ್ರೂ ಕೊಡಪ್ಪ ಅಂದೆ. ಅದಕ್ಕೇ ಅದು ಬೂದಿ ಬಣ್ಣ. ಅವಳಿದ್ದಿದ್ರೆ ಬೂದಿ ತಗೊಳ್ಳೋಕೆ ಬಿಡ್ತಿದ್ಳಾ?”

ಥೆಲ್ಮಾಳಿಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಬೂದಿ ಕಾರಿನಲ್ಲಿ ಅವನ ಪಕ್ಕ ಕೂತು ಪೇಟೆಗೆ ಹೋಗಿದ್ದಳು, ಬಣ್ಣ ಹಾಳಾಗಿದೆ ಎಂದು ಮೂದಲಿಸಿಯೂ ಇದ್ದಳು. ಹೋಗಿ ಅವನ ಪಕ್ಕದಲ್ಲಿ ಕೂತಳು.

“ಇಬ್ಬರೂ ಕೂತು ಚರ್ಚಿಸಿದ್ವಂತೆ” ಎಂದ ಅವನು ಫೋನು ನೋಡುತ್ತ. ಸಿಟ್ಟಲ್ಲ, ನಂಬಲಾಗದ ಬೆರಗು ಅವನ ದನಿಯಲ್ಲಿತ್ತು. “ಅವಳ ಹೆಸರು ಹೇಳಿ ಸುಳ್ಳು ಹೇಳಿದೀನಿ ನಾನು. ಕೋರ್ಟಲ್ಲಿ. ಸಹಿ ಹಾಕಿ.”

“ನೀನು ಹೇಳಿಲ್ಲ ಕಣೋ.”

“ಓದ್ದೆ ಸಹಿ ಹಾಕಿದ್ದು ಯಾರು ಹಂಗಾದ್ರೆ?” ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. “ನಂಬರು ಹೇಳು.”

“ಯಾವ್ದು?”

“ಆ ವಕೀಲರದ್ದು. ದುಡ್ಡು ಹೋಗ್ಲಿ, ಸೂರು ಸೋರ್ಲಿ. ನಂಬರು ಹೇಳು ಅಂದ್ನಲ್ಲ.”

ಥೆಲ್ಮಾ ರೋವನ್ ಕೊಟ್ಟ ಕಾಗದ ಬಿಚ್ಚಿ ಒಂದೊಂದೇ ಅಂಕಿ ಹೇಳಿದಳು. ಆಚೆ ಕಡೆ ಸಂಗೀತ ಶುರುವಾಯಿತು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಒಂದು ದನಿ ಹೇಳಿತು, ಮತ್ತೆ ಸಂಗೀತ, ಮತ್ತೆ ಅದೇ ದನಿ. ಹುಲ್ಲಿನ ಮೇಲೆ ನೆರಳು ಉದ್ದವಾಗುತ್ತಿತ್ತು. ಇಬ್ಬರೂ ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ಯಾರೋ ಮನುಷ್ಯರು ಎತ್ತಿಕೊಂಡು, ಏನು ಸಹಾಯ ಬೇಕಿತ್ತು ಎಂದು ಕೇಳಿದರು.

“ನನ್ನ ಹೆಂಡತಿ ವಿಷಯ” ಎಂದ ಸ್ಟ್ಯಾನ್ಲಿ. “ಅವಳು ಅಲ್ಲಿ ಇರ್ಲಿಲ್ಲ. ಅದನ್ನ ಮೊದಲು ಬರ್ಕೊಳ್ಳಿ, ಆಮೇಲೆ ಮಿಕ್ಕಿದ್ದು ಹೇಳ್ತೀನಿ.”